ಒಂದೇ ಕಿಟಕಿ ಇರೋ ಕೋಣೆಗೆ ವಿಂಡೋ ಎಸಿ ಬೇಕಾ?

ಏಪ್ರಿಲ್ ತಿಂಗಳು ಬಂತು ಅಂದರೆ ತರಗತಿಯಲ್ಲಿ ಯಾರಾದರೂ ಒಬ್ಬರು ಕೇಳೇ ಕೇಳ್ತಾರೆ: "ಸಾರ್, ನಮ್ಮನೇಲಿ ಇರೋದು ಪಕ್ಕಕ್ಕೆ ಸರಿಯೋ ಸ್ಲೈಡಿಂಗ್ ಕಿಟಕಿ. ಅದಕ್ಕೆ ವಿಂಡೋ ಎಸಿ ಕೂರಿಸೋಕೆ ಆಗುತ್ತಾ?" ಈ ಪ್ರಶ್ನೆ ಬರೋದು ಸಹಜ. ನಮ್ಮ ಜೂಜುವಾಡಿಯಲ್ಲಿ, ಸಿಪ್ಕಾಟ್ ಸುತ್ತಮುತ್ತ, ಆಚೆ ಅತ್ತಿಬೆಲೆ ತನಕ, ಈಗ ಏಳುತ್ತಿರುವ ಬಾಡಿಗೆ ಮನೆಗಳಿಗೆ ಹೆಚ್ಚಾಗಿ ಹಾಕೋದು ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಯನ್ನೇ. ಹಳೇ ಎಸಿ ಕಡಿಮೆ ಬೆಲೆಗೆ ಸಿಕ್ಕಿತು ಅಂತ ಅಪ್ಪ ತಂದಿರ್ತಾರೆ. ಇಡೋದು ಎಲ್ಲಿ ಅನ್ನೋದು ಆಮೇಲೆ ಶುರುವಾಗೋ ಯೋಚನೆ.

ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ. ಕೂರಿಸೋಕೆ ಆಗುತ್ತೆ. ಆದರೆ ಆ ಕೋಣೆಗೆ ಇರೋದು ಅದೊಂದೇ ಕಿಟಕಿ ಆಗಿದ್ದರೆ ಕೂರಿಸಬಾರದು ಅನ್ನೋದು ನನ್ನ ಅಭಿಪ್ರಾಯ. ಎಸಿ ಕೆಟ್ಟದ್ದು ಅನ್ನೋ ಮಾತು ಇದಲ್ಲ. ನಮ್ಮ ಊರಿನ ಹವೆಯಲ್ಲಿ ಕಿಟಕಿ ಮಾಡೋ ಕೆಲಸ ಎಷ್ಟು ದೊಡ್ಡದು ಅಂತ ಲೆಕ್ಕ ಹಾಕದೆ ಅದನ್ನು ಮುಚ್ಚಿಬಿಡ್ತಾ ಇದ್ದೀವಿ. ಈ ಲೆಕ್ಕ ಹಾಕೋಕೆ ಒಂಬತ್ತು, ಹತ್ತನೇ ತರಗತಿಯ ವಿಜ್ಞಾನ ಸಾಕು. ಜೊತೆಗೇ ಹಾಕೋಣ ಬನ್ನಿ.

ಎಸಿ ತಂಪು ತಯಾರಿಸಲ್ಲ

ಮೊದಲು ಎಸಿ ಮಾಡೋ ಕೆಲಸ ಏನು ಅಂತ ನೋಡೋಣ. ಅಮೆರಿಕದ ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರು 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕಾಗಿ ಇಂಥ ಯಂತ್ರವನ್ನು ರೂಪಿಸಿದರು. ಅಲ್ಲಿ ತೊಂದರೆ ಇದ್ದದ್ದು ಗಾಳಿಯ ತೇವದಿಂದ. ತೇವ ಏರಿಳಿದಾಗ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಗಾಳಿಯ ತೇವ ತೆಗೆಯಲು ಗಾಳಿಯನ್ನು ತಣ್ಣಗಾಗಿಸಬೇಕಾಯಿತು. ಈಗಲೂ ಎಸಿಯ ಹಿಂದೆ ನೀರು ತೊಟ್ಟಿಕ್ಕೋದು ಇದೇ ಕಾರಣಕ್ಕೆ. ತಣ್ಣನೆಯ ಕೊಳವೆಗೆ ತಗುಲಿದ ನೀರಾವಿ ಸಾಂದ್ರೀಕರಣಗೊಂಡು ಹನಿಯಾಗುತ್ತೆ.

ಎಸಿಯೊಳಗಿನ ದ್ರವ ಕೋಣೆಯ ಕಡೆಯ ಕೊಳವೆಗಳಲ್ಲಿ ಆವಿಯಾಗುತ್ತೆ. ಆವಿಯಾಗೋಕೆ ಬೇಕಾದ ಉಷ್ಣವನ್ನು ಕೋಣೆಯ ಗಾಳಿಯಿಂದ ಎಳೆದುಕೊಳ್ಳುತ್ತೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ, ಹೊರಗಿನ ಕಡೆಯ ಕೊಳವೆಗಳಿಗೆ ತಳ್ಳುತ್ತೆ. ಅಲ್ಲಿ ಅದು ಮತ್ತೆ ದ್ರವವಾಗಿ ಉಷ್ಣವನ್ನು ಹೊರಗೆ ಬಿಡುತ್ತೆ. ಅಂದರೆ ಎಸಿ ಒಂದು ಪಂಪು. ಬಾವಿಯಿಂದ ನೀರು ಎತ್ತೋ ಹಾಗೆ ಒಳಗಿನ ಉಷ್ಣವನ್ನು ಎತ್ತಿ ಹೊರಗೆ ಸುರಿಯುತ್ತೆ. ಅದಕ್ಕೇ ಅದರ ಒಂದು ಕಾಲು ಒಳಗೆ, ಇನ್ನೊಂದು ಕಾಲು ಹೊರಗೆ ಇರಲೇಬೇಕು. ಎಸಿ ವಿಷಯದಲ್ಲಿ ಕಿಟಕಿಯ ಮಾತು ಬರೋದು ಇಲ್ಲೇ.

'ಒಂದು ಟನ್ ಎಸಿ' ಅಂತಾರಲ್ಲ, ಆ ಟನ್ ತೂಕವಲ್ಲ. ಒಂದು ಅಮೆರಿಕನ್ ಟನ್, ಅಂದರೆ 907 ಕೆ.ಜಿ. ಮಂಜುಗಡ್ಡೆಯನ್ನು 24 ಗಂಟೆಯಲ್ಲಿ ಕರಗಿಸಲು ಬೇಕಾದಷ್ಟು ಉಷ್ಣವನ್ನು ಸಾಗಿಸೋ ಸಾಮರ್ಥ್ಯ ಅದು. ಒಂದು ಕೆ.ಜಿ. ಮಂಜುಗಡ್ಡೆ ಕರಗಲು 334 ಕಿಲೋಜೂಲ್ ಬೇಕು. 907 ಅನ್ನು 334ರಿಂದ ಗುಣಿಸಿ, 86,400 ಸೆಕೆಂಡಿನಿಂದ ಭಾಗಿಸಿ. ಸುಮಾರು 3.5 ಕಿಲೋವ್ಯಾಟ್ ಬರುತ್ತೆ. ಇದನ್ನು ಸಾಗಿಸಲು ಎಸಿ ಸುಮಾರು 1 ಕಿಲೋವ್ಯಾಟ್ ವಿದ್ಯುತ್ ತಗೊಳ್ಳುತ್ತೆ ಅಂತಿಟ್ಟುಕೊಳ್ಳಿ. ಶಕ್ತಿ ಎಲ್ಲೂ ಮಾಯ ಆಗಲ್ಲ, ಹಾಗಾಗಿ ಹೊರಗೆ ಬೀಳೋದು ಎರಡೂ ಸೇರಿ ನಾಲ್ಕೂವರೆ ಕಿಲೋವ್ಯಾಟ್. ಸಾಲು ಮನೆಗಳ ಓಣಿಯಲ್ಲಿ ನಿಮ್ಮ ಎಸಿಯ ಹಿಂಭಾಗ ಪಕ್ಕದ ಮನೆಯ ಕಿಟಕಿಗೆ ಎದುರಾಗಿದ್ದರೆ, ಆ ನಾಲ್ಕೂವರೆ ಕಿಲೋವ್ಯಾಟ್ ಹೋಗೋದು ಅವರ ಕೋಣೆಯ ಕಡೆಗೆ. ಇದನ್ನೂ ನೆನಪಿಡಿ.

ಪಕ್ಕಕ್ಕೆ ಸರಿಯೋ ಕಿಟಕಿಯ ಲೆಕ್ಕ

ವಿಂಡೋ ಎಸಿ ಅಮೆರಿಕದಲ್ಲಿ ಮನೆಮಾತಾದಾಗ ಅಲ್ಲಿನ ಬಹಳಷ್ಟು ಮನೆಗಳ ಕಿಟಕಿ ಮೇಲೆ ಕೆಳಗೆ ಸರಿಯುವಂಥದ್ದು. ಕಿಟಕಿಯ ಕಟ್ಟೆ ಮೇಲೆ ಎಸಿ ಇಟ್ಟು, ಎತ್ತಿದ ಕೆಳಗಿನ ಬಾಗಿಲನ್ನು ಅದರ ತಲೆ ಮೇಲೆ ಇಳಿಸಿದರೆ ಪೆಟ್ಟಿಗೆ ಅಲ್ಲೇ ಹಿಡಿದು ನಿಲ್ಲುತ್ತೆ. ಎರಡು ಪಕ್ಕದಲ್ಲಿ ಉಳಿದ ಚಿಕ್ಕ ಜಾಗವನ್ನು ಮಡಿಕೆ ಮಡಿಕೆಯ ಪಟ್ಟಿಯಿಂದ ಮುಚ್ಚಿದರೆ ಮುಗೀತು. ನಮ್ಮ ಸ್ಲೈಡಿಂಗ್ ಕಿಟಕಿಯ ಬಾಗಿಲು ಸರಿಯೋದು ಪಕ್ಕಕ್ಕೆ. ಅದು ಎಸಿಯ ತಲೆಯನ್ನು ಹಿಡಿಯಲ್ಲ. ಪಕ್ಕದಲ್ಲಿ ಒತ್ತುತ್ತೆ ಅಷ್ಟೇ. ಎಸಿಯ ಮೇಲೆ ದೊಡ್ಡ ಜಾಗ ಖಾಲಿ ಉಳಿಯುತ್ತೆ. ಪಕ್ಕಕ್ಕೆ ಸರಿಯೋ ಕಿಟಕಿಗೆಂದೇ ಕಿರಿದಾಗಿ ಎತ್ತರವಾಗಿ ಮಾಡಿದ ಎಸಿಗಳು ವಿದೇಶಗಳಲ್ಲಿ ಸಿಗುತ್ತವೆ. ನಮ್ಮ ಕಡೆ ಸಾಮಾನ್ಯವಾಗಿ ಮಾರೋದು ಅಗಲವಾದ ಪೆಟ್ಟಿಗೆಯನ್ನು.

ಟೇಪ್ ತಗೊಂಡು ಅಳೆಯಿರಿ. ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರದ ಎರಡು ಬಾಗಿಲಿನ ಕಿಟಕಿ ಅಂತಿಟ್ಟುಕೊಳ್ಳಿ. ನಾಲ್ಕು ಅಡಿ ಅಂದರೆ 122 ಸೆಂ.ಮೀ. ಒಂದು ಬಾಗಿಲು ಪೂರ್ತಿ ಸರಿಸಿದರೂ ತೆರೆಯೋದು ಅರ್ಧ. ಅದರಲ್ಲಿ ಚೌಕಟ್ಟಿನ ದಪ್ಪ ಕಳೆದರೆ 55 ಸೆಂ.ಮೀ. ಆಸುಪಾಸು ಸಿಗುತ್ತೆ. ಒಂದು ಟನ್ ವಿಂಡೋ ಎಸಿಯ ಅಗಲ ಸುಮಾರು 60 ಸೆಂ.ಮೀ., ಒಂದೂವರೆ ಟನ್ನಿನದು ಸುಮಾರು 66 ಸೆಂ.ಮೀ. ಅಂದರೆ ಕೂರೋದೇ ಇಲ್ಲ! ಆಗ ಜನ ಮಾಡೋದೇನು? ಗಾಜಿನ ಬಾಗಿಲನ್ನೇ ಕಳಚಿಬಿಡ್ತಾರೆ, ಮೇಲೆ ಪ್ಲೈವುಡ್ ಹೊಡೀತಾರೆ, ಕಬ್ಬಿಣದ ಗ್ರಿಲ್ ಕತ್ತರಿಸ್ತಾರೆ. ಐದು ಅಡಿಯ ಕಿಟಕಿ ಆದರೆ 70 ಸೆಂ.ಮೀ. ಸಿಗುತ್ತೆ, ಎಸಿ ಕೂರುತ್ತೆ. ಆದರೂ ಪೆಟ್ಟಿಗೆಯ ಎತ್ತರ 40 ಸೆಂ.ಮೀ. ಆಸುಪಾಸು ಅಷ್ಟೇ. ಅದರ ಮೇಲೆ ಮುಕ್ಕಾಲು ಮೀಟರಿನಷ್ಟು ಎತ್ತರದ ಖಾಲಿ ಜಾಗ ಮುಚ್ಚಬೇಕು.

ಇನ್ನು ತೂಕ. ಒಂದೂವರೆ ಟನ್ನಿನ ಎಸಿ ಐವತ್ತು ಕೆ.ಜಿ. ಹತ್ತಿರ ಇರುತ್ತೆ, ಅದರ ಹೆಚ್ಚಿನ ಭಾಗ ಗೋಡೆಯಿಂದ ಆಚೆಗೆ ಚಾಚಿಕೊಂಡಿರುತ್ತೆ. ಅದರ ಗುರುತ್ವ ಕೇಂದ್ರ ಗೋಡೆಯ ಅಂಚಿನಿಂದ 20 ಸೆಂ.ಮೀ. ಆಚೆ ಇದೆ ಅಂದುಕೊಂಡರೆ, ತಿರುಗಿಸೋ ಬಲ 50 × 9.8 × 0.2, ಅಂದರೆ 98 ನ್ಯೂಟನ್ ಮೀಟರ್. ಒಂದು ಮೀಟರ್ ಉದ್ದದ ಕೋಲಿನ ತುದಿಗೆ 10 ಕೆ.ಜಿ. ಅಕ್ಕಿ ಚೀಲ ಕಟ್ಟಿ, ಇನ್ನೊಂದು ತುದಿಯನ್ನು ಮಾತ್ರ ಕೈಯಲ್ಲಿ ಹಿಡಿದು ನೋಡಿ, ಅದೆಷ್ಟು ಅಂತ ಗೊತ್ತಾಗುತ್ತೆ. ಆ ಬಲವನ್ನು ಹಗಲೂ ರಾತ್ರಿ, ಕಂಪ್ರೆಸರಿನ ನಡುಕದ ಜೊತೆ, ತೆಳು ಅಲ್ಯೂಮಿನಿಯಂ ಹಳಿ ಹೊರಬೇಕು. ಆ ಹಳಿ ಮಾಡಿರೋದು ಗಾಜಿನ ಬಾಗಿಲು ಜಾರಲಿ ಅಂತ. ಭಾರ ಹೊರೋದು ಅದರ ಕೆಲಸವಲ್ಲ. ಮೊದಲ ಮಹಡಿಯ ಕಿಟಕಿಯಿಂದ ಐವತ್ತು ಕೆ.ಜಿ. ಪೆಟ್ಟಿಗೆ ಜಾರಿದರೆ ಕೆಳಗೆ ಓಡಾಡುವವರ ಗತಿ ಏನು ಅಂತ ನಾನು ಹೇಳಬೇಕಿಲ್ಲ.

ನಮ್ಮ ಊರಿಗೆ ಬಿಟ್ಟಿ ಸಿಗೋ ತಂಪು

ಈಗ ಮುಖ್ಯವಾದ ಮಾತಿಗೆ ಬರ್ತೀನಿ. ಹೊಸೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕೃಷ್ಣಗಿರಿ ಊರು ನಮಗಿಂತ ಮುನ್ನೂರು ನಾನ್ನೂರು ಮೀಟರ್ ತಗ್ಗಿನಲ್ಲಿದೆ, ಚೆನ್ನೈ ಅಂತೂ ಸಮುದ್ರದ ದಡದಲ್ಲೇ ಇದೆ. ಒಂದು ಕಿಲೋಮೀಟರ್ ಮೇಲೇರಿದರೆ ಗಾಳಿಯ ತಾಪ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತೆ. ನಮಗೂ ಚೆನ್ನೈಗೂ ಇರೋ ವ್ಯತ್ಯಾಸಕ್ಕೆ ಇದೇ ದೊಡ್ಡ ಕಾರಣ. ಬೇಸಿಗೆ ನಮಗೂ ಸುಡುತ್ತೆ, ಇಲ್ಲ ಅನ್ನಲ್ಲ. ಪಕ್ಕದ ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಆದರೆ ಅದು ಹಗಲಿನ ಲೆಕ್ಕ. ಬೆಂಗಳೂರಿನ ಏಪ್ರಿಲ್ ತಿಂಗಳ ಸರಾಸರಿ ಕನಿಷ್ಠ ತಾಪ 22 ಡಿಗ್ರಿ ಆಸುಪಾಸು. ಜೂಜುವಾಡಿ ಇರೋದು ಅದೇ ಪ್ರಸ್ಥಭೂಮಿಯ ಮೇಲೆ.

ಇದರ ಅರ್ಥ ನೋಡಿ. ರಾತ್ರಿ ಹತ್ತಕ್ಕೆ ಹೊರಗೆ 26–27 ಡಿಗ್ರಿ ಇದ್ದರೂ, ನಡುರಾತ್ರಿ ದಾಟಿ ಬೆಳಗಿನ ಜಾವದ ಹೊತ್ತಿಗೆ ಬೇಸಿಗೆಯ ಬಹಳಷ್ಟು ದಿನ 24ಕ್ಕಿಂತ ಕೆಳಗೆ ಇಳಿದಿರುತ್ತೆ. 2020ರ ಜನವರಿಯಿಂದ ನಮ್ಮ ದೇಶದಲ್ಲಿ ಸ್ಟಾರ್ ಗುರುತಿನ ಕೋಣೆ ಎಸಿಗಳನ್ನು ಚಾಲೂ ಮಾಡಿದಾಗ ತಾನಾಗಿ 24 ಡಿಗ್ರಿಗೇ ನಿಲ್ಲುವಂತೆ ನಿಯಮ ಮಾಡಿದ್ದಾರೆ. ಅಂದರೆ ಬೆಳಗಿನ ಜಾವ ಮೂರು ಗಂಟೆಗೆ ಹೊರಗೆ 23 ಡಿಗ್ರಿಯ ಗಾಳಿ ಸುಮ್ಮನೆ ಓಡಾಡ್ತಾ ಇರುತ್ತೆ. ನಾವು ಕಿಟಕಿಯನ್ನು ಪ್ಲೈವುಡ್ಡಿನಿಂದ ಮುಚ್ಚಿ, ಒಳಗೆ 24 ಡಿಗ್ರಿ ಇಡಲು ವಿದ್ಯುತ್ ಉರಿಸ್ತಾ ಇರ್ತೀವಿ! ಕಂಪ್ರೆಸರ್ ರಾತ್ರಿಯ ಎಂಟು ಗಂಟೆಯಲ್ಲಿ ಅರ್ಧ ಹೊತ್ತು ಮಾತ್ರ ಓಡಿತು ಅಂದರೂ ದಿನಕ್ಕೆ ನಾಲ್ಕು ಯೂನಿಟ್, ಎರಡು ತಿಂಗಳಿಗೆ 240 ಯೂನಿಟ್. ತಮಿಳುನಾಡಿನಲ್ಲಿ ಮನೆಗಳಿಗೆ ಎರಡು ತಿಂಗಳ ಬಿಲ್ಲಿನಲ್ಲಿ ಬಿಟ್ಟಿ ಸಿಗೋದು 100 ಯೂನಿಟ್. ಉಳಿದ ಲೆಕ್ಕ ಮನೆಯ ಬಿಲ್ ನೋಡಿ ನೀವೇ ಹಾಕಿ.

ಎಸಿ ಬೇಕು ಅನ್ನಿಸೋದು ವರ್ಷದಲ್ಲಿ ಎರಡು ಮೂರು ತಿಂಗಳು. ಆದರೆ ಕಿಟಕಿಯಲ್ಲಿ ಕೂತ ಪೆಟ್ಟಿಗೆ ಹನ್ನೆರಡೂ ತಿಂಗಳು ಅಲ್ಲೇ ಇರುತ್ತೆ. ಜೂನ್ ಮಳೆಗಾಳಿ, ಡಿಸೆಂಬರಿನ ಬಿಸಿಲು, ಬೆಳಕು ಎಲ್ಲದಕ್ಕೂ ಅಡ್ಡ. ಅದೂ ಅರ್ಧವೇ ತೆರೆಯೋ ಕಿಟಕಿಯಲ್ಲಿ, ತೆರೆಯೋ ಆ ಅರ್ಧವನ್ನೇ ಅದು ತಿಂದುಬಿಡುತ್ತೆ.

ಈ 'ಅರ್ಧ' ಅನ್ನೋ ಮಾತು ಚಿಕ್ಕದಲ್ಲ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಕೋಣೆಗೆ ಗಾಳಿ ಬೆಳಕಿನ ತೆರಪು ಒಣ ಬಿಸಿ ಹವೆಯ ಕಡೆ ನೆಲದ ವಿಸ್ತೀರ್ಣದ ಹತ್ತರಲ್ಲಿ ಒಂದು ಪಾಲು, ತೇವದ ಬಿಸಿ ಹವೆಯ ಕಡೆ ಆರರಲ್ಲಿ ಒಂದು ಪಾಲು ಇರಬೇಕು. ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಕೋಣೆಯ ನೆಲ 9 ಚದರ ಮೀಟರ್. ಹತ್ತರಲ್ಲಿ ಒಂದು ಪಾಲು ಅಂದರೆ 0.9 ಚದರ ಮೀಟರ್. ನಮ್ಮ ನಾಲ್ಕು ಅಡಿ ಕಿಟಕಿಯ ವಿಸ್ತೀರ್ಣ ಸುಮಾರು ಒಂದೂವರೆ ಚದರ ಮೀಟರ್. ಕಾಗದದ ಮೇಲೆ ಸಾಕಷ್ಟಾಯಿತು. ಆದರೆ ಗಾಳಿ ಬರೋದು ಅರ್ಧದಲ್ಲಿ ಮಾತ್ರ, 0.75 ಚದರ ಮೀಟರಿಗಿಂತ ಕಡಿಮೆ. ನಮ್ಮ ಹಿರಿಯರ ಮನೆಗಳಲ್ಲಿ ಎರಡು ರೆಕ್ಕೆಯ ಮರದ ಬಾಗಿಲಿನ ಕಿಟಕಿ ಇತ್ತು. ತೆಗೆದರೆ ಪೂರ್ತಿ ತೆರೆಯೋದು. ಮೇಲೆ ಸೂರಿನ ಹತ್ತಿರ ಗವಾಕ್ಷಿ ಬೇರೆ. ಬಿಸಿಗಾಳಿ ಹಗುರ, ಮೇಲೇರಿ ಗವಾಕ್ಷಿಯಿಂದ ಹೊರಗೆ ಹೋಗೋದು, ತಂಪುಗಾಳಿ ಕೆಳಗಿನಿಂದ ಒಳಗೆ ಬರೋದು. ಸಂವಹನದ ಪಾಠ ಅದೇ ತಾನೇ?

ಕಿಟಕಿ ಮುಚ್ಚಿದ ಕೋಣೆಯಲ್ಲಿ ಇನ್ನೊಂದು ಲೆಕ್ಕವೂ ಇದೆ. ಎಸಿ ಹೆಚ್ಚಾಗಿ ಅದೇ ಗಾಳಿಯನ್ನು ಮತ್ತೆ ಮತ್ತೆ ತಿರುಗಿಸುತ್ತೆ. ಮಲಗಿರುವ ಒಬ್ಬ ದೊಡ್ಡವರು ಗಂಟೆಗೆ ಸುಮಾರು 12 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡ್ತಾರೆ. ನಾಲ್ಕು ಜನ ಅಂದರೆ 48 ಲೀಟರ್. ನಮ್ಮ ಕೋಣೆ ಮೂರು ಮೀಟರ್ ಎತ್ತರ ಇದ್ದರೆ ಅದರಲ್ಲಿರೋ ಗಾಳಿ 27,000 ಲೀಟರ್. ಸಂದು ಸಿಗದಂತೆ ಮುಚ್ಚಿದ್ದರೆ ಒಂದೇ ಗಂಟೆಯಲ್ಲಿ 0.18 ಶೇಕಡಾ ಏರುತ್ತೆ. ಹೊರಗಿನ ಗಾಳಿಯಲ್ಲಿ ಇರೋದು ಸುಮಾರು 0.042 ಶೇಕಡಾ. ಬಾಗಿಲ ಕೆಳಗಿನ ಸಂದಿಯಿಂದ ಒಂದಷ್ಟು ಗಾಳಿ ಬರೋದರಿಂದ ಅದು ಹೀಗೇ ಏರುತ್ತಾ ಹೋಗಲ್ಲ. ಆದರೂ ಬೆಳಗ್ಗೆ ಎದ್ದಾಗ ತಲೆ ಭಾರ, ಮಂಕು ಅನ್ನಿಸೋಕೆ ಇಂಥ ಗಾಳಿ ಒಂದು ಕಾರಣ ಆಗಬಹುದು. ಇಂಥ ಮುಚ್ಚಿದ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚಬಾರದು. ಕೆಂಡದ ಒಲೆಯನ್ನಂತೂ ಯಾವತ್ತೂ ಇಡಬಾರದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಪ್ರಾಣ ತೆಗೆಯುತ್ತೆ.

'ಕಿಟಕಿ ತೆಗೆದರೆ ಸೊಳ್ಳೆ ಬರುತ್ತಲ್ಲ ಸಾರ್?'

ಇದು ನ್ಯಾಯವಾದ ಮಾತು. ಸೊಳ್ಳೆ ಇದೆ, ಹೆದ್ದಾರಿಯ ಲಾರಿಗಳ ಧೂಳು ಇದೆ, ಹಾರ್ನ್ ಸದ್ದು ಇದೆ, ಕಳ್ಳರ ಭಯ ಇದೆ. ಕಿಟಕಿ ತೆಗೆದು ಮಲಗಿ ಅಂತ ಹೇಳೋದು ಸುಲಭ, ಮಲಗುವವರ ಕಷ್ಟ ಬೇರೆ. ಆದರೆ ಸೊಳ್ಳೆಗೆ ಮದ್ದು ಜಾಲರಿ. ಮೂರು ಹಳಿಯ ಸ್ಲೈಡಿಂಗ್ ಕಿಟಕಿಯಲ್ಲಿ ಮೂರನೇ ಹಳಿ ಇರೋದೇ ಜಾಲರಿ ಬಾಗಿಲಿಗೆ. ಎರಡು ಹಳಿಯದಾದರೆ ಒಳಗಿನಿಂದ ಅಂಟಿಸೋ ಜಾಲರಿ ಸಿಗುತ್ತೆ. ಕಳ್ಳರಿಗೆ ಗ್ರಿಲ್ ಇದೆ, ಎಸಿಗಾಗಿ ಕತ್ತರಿಸದೆ ಉಳಿಸಿಕೊಂಡರೆ! ಧೂಳು, ಸದ್ದು ಇರೋ ಹೆದ್ದಾರಿ ಪಕ್ಕದ ಮನೆಗಳಿಗೆ ನನ್ನ ಬಳಿ ಅಷ್ಟು ಸುಲಭದ ಉತ್ತರ ಇಲ್ಲ ಅನ್ನೋದನ್ನು ಒಪ್ಪಿಕೊಳ್ತೀನಿ.

ಇನ್ನೊಂದು ಮಾತನ್ನೂ ಒಪ್ಪಬೇಕು. ನಮ್ಮ ಮಕ್ಕಳಲ್ಲಿ ಎಷ್ಟೋ ಜನರ ತಂದೆ ತಾಯಿ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡ್ತಾರೆ. ಅವರು ಮಲಗೋದು ಬೆಳಗ್ಗೆ ಎಂಟರಿಂದ ಮಧ್ಯಾಹ್ನದ ತನಕ. ಅವರಿಗೆ ನಡುರಾತ್ರಿಯ ತಂಪುಗಾಳಿ ಸಿಗಲ್ಲ. ನೆತ್ತಿ ಮೇಲೆ ಸೂರ್ಯ ಇರುವಾಗ ಶೀಟಿನ ಮನೆಯಲ್ಲಿ ನಿದ್ದೆ ಬರಲ್ಲ. ನಿದ್ದೆಗೆಟ್ಟು ಮತ್ತೆ ರಾತ್ರಿ ಯಂತ್ರದ ಮುಂದೆ ನಿಂತರೆ ಕೈಬೆರಳಿಗೇ ಅಪಾಯ. ಅಂಥವರ ಮನೆಗೆ, ಹಾಸಿಗೆ ಹಿಡಿದ ಅಜ್ಜ ಅಜ್ಜಿ ಇರೋ ಮನೆಗೆ, ಎಸಿ ಶೋಕಿ ಅಂತ ಯಾರೂ ಹೇಳಬಾರದು. ಅವರು ಎಸಿ ಹಾಕಿಸಲಿ. ಆದರೆ ಕಿಟಕಿ ಕಳಕೊಳ್ಳದ ಹಾಗೆ, ಭದ್ರವಾಗಿ ಹಾಕಿಸಲಿ. ಅದಕ್ಕೂ ಮೊದಲು ಬಿಸಿ ಎಲ್ಲಿಂದ ಬರ್ತಾ ಇದೆ ಅಂತ ನೋಡಲಿ.

ಬಿಸಿ ಬರೋ ದಾರಿ

ಬಿಸಿ ಬರೋ ದಾರಿಗಳಲ್ಲಿ ದೊಡ್ಡದು ತಾರಸಿ. ಬೇಸಿಗೆಯ ಮಧ್ಯಾಹ್ನ ಒಂದು ಚದರ ಮೀಟರ್ ಸಮತಟ್ಟಾದ ಜಾಗಕ್ಕೆ ಸುಮಾರು 900 ವ್ಯಾಟ್ ಬಿಸಿಲು ಬೀಳುತ್ತೆ. ನಮ್ಮ 9 ಚದರ ಮೀಟರ್ ಕೋಣೆಯ ತಾರಸಿಗೆ ಎಂಟು ಕಿಲೋವ್ಯಾಟ್! ಎರಡು ಒಂದು ಟನ್ ಎಸಿಗಳು ಸೇರಿದರೂ ಸಾಗಿಸೋದು ಏಳು. ಬಿದ್ದದ್ದೆಲ್ಲ ಒಳಗೆ ಬರಲ್ಲ ನಿಜ. ಆದರೆ ಕಾಂಕ್ರೀಟ್ ಹಗಲೆಲ್ಲ ಅದನ್ನು ಕುಡಿದು ಸಂಜೆ ರಾತ್ರಿ ನಿಧಾನವಾಗಿ ಕೋಣೆಯೊಳಗೆ ಬಿಡುತ್ತೆ. ರಾತ್ರಿ ಒಂಬತ್ತಕ್ಕೂ ಸೂರಿನಿಂದ ಕಾವು ಇಳಿಯೋದು ಇದಕ್ಕೇ. ಹಳೇ ಕಪ್ಪಾದ ಕಾಂಕ್ರೀಟ್ ಹೆಚ್ಚಿನ ಬಿಸಿಲನ್ನು ಹೀರಿಕೊಂಡರೆ, ಹೊಸದಾಗಿ ಬಳಿದ ಬಿಳಿ ಸುಣ್ಣ ಮುಕ್ಕಾಲು ಪಾಲಿನಷ್ಟನ್ನು ವಾಪಸ್ಸು ಕಳಿಸುತ್ತೆ. ತೆಲಂಗಾಣ ಸರ್ಕಾರ 2023ರಲ್ಲಿ ತಂಪು ತಾರಸಿಗೆಂದೇ ಒಂದು ನೀತಿ ತಂದಿದೆ. ನಮಗೆ ನೀತಿ ಬರೋ ತನಕ ಕಾಯಬೇಕಿಲ್ಲ. ಒಂದು ಮೂಟೆ ಸುಣ್ಣ, ಒಂದು ಕುಂಚ ಸಾಕು, ಓನರ್ ಒಪ್ಪಿದರೆ.

ಎರಡನೇ ದಾರಿ ಪಡುವಣದ ಗಾಜು. ಬಾಗಲೂರು, ತಳಿ ಕಡೆ ಗುಲಾಬಿ ಬೆಳೆಯೋ ಪಾಲಿಹೌಸ್ ನೋಡಿದ್ದೀರಲ್ಲ? ಬಿಸಿಲು ಒಳಗೆ ಬರುತ್ತೆ, ಒಳಗಿನ ಬಿಸಿಗಾಳಿ ಹೊರಗೆ ಹೋಗೋಕೆ ದಾರಿ ಇಲ್ಲ. ಅದಕ್ಕೇ ಅಲ್ಲಿ ರೈತರು ಪರದೆ ಮೇಲೆತ್ತಿ ಗಾಳಿ ಬಿಡ್ತಾರೆ, ಮೇಲೆ ನೆರಳು ಬಲೆ ಎಳೀತಾರೆ. ಪಡುವಣಕ್ಕೆ ಮುಖ ಮಾಡಿದ, ಮುಚ್ಚಿದ ಗಾಜಿನ ಕಿಟಕಿಯ ಕೋಣೆ ಅಂದರೆ ಚಿಕ್ಕ ಪಾಲಿಹೌಸೇ. ಸಂಜೆ ಬಿಸಿಲಲ್ಲಿ ಒಂದು ಚದರ ಮೀಟರ್ ಗಾಜಿನಿಂದ ಸುಮಾರು 500 ವ್ಯಾಟ್ ಒಳಗೆ ಬರುತ್ತೆ. ಒಳಗೆ ಪರದೆ ಹಾಕಿದರೆ ಪರದೆ ಬಿಸಿಯಾಗಿ ಆ ಉಷ್ಣ ಹೆಚ್ಚಾಗಿ ಕೋಣೆಯಲ್ಲೇ ಉಳಿಯುತ್ತೆ. ಅದೇ ನೆರಳನ್ನು ಗಾಜಿನ ಹೊರಗೆ ಕೊಡಿ. ಬಿದಿರು ತಟ್ಟಿ, ನೆರಳು ಬಲೆ, ಬಳ್ಳಿ, ಯಾವುದಾದರೂ ಆದೀತು. ಬಿಸಿಲು ಗಾಜಿಗೆ ಮುಟ್ಟೋದೇ ಇಲ್ಲ. ಗುಲಾಬಿ ಬೆಳೆಯೋ ರೈತರಿಗೆ ಗೊತ್ತಿರೋ ಈ ಉಪಾಯ ಮನೆ ಕಟ್ಟುವವರಿಗೂ ಗೊತ್ತಿರಬೇಕಿತ್ತು.

ಈ ಎರಡು ಕೆಲಸದ ಜೊತೆ, ಬೆಳಗ್ಗೆ ಒಂಬತ್ತರ ಹೊತ್ತಿಗೆ ಕಿಟಕಿ ಮುಚ್ಚಿ, ಹೊತ್ತು ಮುಳುಗಿ ಹೊರಗೆ ತಂಪಾದ ಮೇಲೆ ಕಿಟಕಿ, ಹಿಂದಿನ ಬಾಗಿಲ ಮೇಲಿನ ವೆಂಟಿಲೇಟರ್ ಎರಡನ್ನೂ ತೆಗೆದು, ಫ್ಯಾನ್ ಹಾಕಿ. ಫ್ಯಾನ್ ಗಾಳಿಯನ್ನು ತಣ್ಣಗೆ ಮಾಡಲ್ಲ, ಬೆವರು ಬೇಗ ಆವಿಯಾಗುವಂತೆ ಮಾಡುತ್ತೆ, ಅಷ್ಟಕ್ಕೇ ಎರಡು ಮೂರು ಡಿಗ್ರಿ ತಂಪು ಅನ್ನಿಸುತ್ತೆ. ಇದಾದ ಮೇಲೂ ಆಗಲ್ಲ ಅಂದರೆ ಎಸಿ.

ಹಾಕಿಸೋದೇ ಆದರೆ

ಕೋಣೆಗೆ ಇನ್ನೊಂದು ಕಿಟಕಿ ಇದ್ದರೆ ಮಾತ್ರ ಸ್ಲೈಡಿಂಗ್ ಕಿಟಕಿಯನ್ನು ಎಸಿಗೆ ಕೊಡಿ. ಒಂದೇ ಕಿಟಕಿ ಇದ್ದರೆ ಸ್ಪ್ಲಿಟ್ ಎಸಿ ಒಳ್ಳೆಯದು, ಅದಕ್ಕೆ ಗೋಡೆಯಲ್ಲಿ ಕೊಳವೆ ಹೋಗೋವಷ್ಟು ಚಿಕ್ಕ ತೂತು ಸಾಕು. ಹಳೇ ವಿಂಡೋ ಎಸಿಯೇ ಇದ್ದರೆ, ಓನರ್ ಒಪ್ಪಿಗೆ ಪಡೆದು, ಮೇಸ್ತ್ರಿ ಗೋಡೆ ನೋಡಿ ಸರಿ ಅಂದ ಮೇಲೆ ಗೋಡೆಯಲ್ಲೇ ಚೌಕ ಕೊರೆಸಿ ಮರದ ಚೌಕಟ್ಟಿನಲ್ಲಿ ಕೂರಿಸೋದು ವಾಸಿ. ಕಂಬ, ತೊಲೆ, ಲಿಂಟಲ್ ಮುಟ್ಟಬಾರದು.

ಪೈಪ್ ಇರೋ ಪೋರ್ಟಬಲ್ ಎಸಿ ಸ್ಲೈಡಿಂಗ್ ಕಿಟಕಿಗೆ ಸುಲಭವಾಗಿ ಹೊಂದುತ್ತೆ, ಕಿರಿದಾದ ಪಟ್ಟಿಯಲ್ಲಿ ಪೈಪ್ ಹೊರಗೆ ಹಾಕಿದರಾಯಿತು. ಆದರೆ ಒಂದೇ ಪೈಪಿನದು ಕೋಣೆಯ ಗಾಳಿಯನ್ನೇ ಬಿಸಿ ಮಾಡಿ ಹೊರಗೆ ತಳ್ಳುತ್ತೆ. ಹೋದಷ್ಟು ಗಾಳಿ ಹೊರಗಿನಿಂದ ಸಂದಿಗೊಂದಿಗಳಲ್ಲಿ ಬಿಸಿಯಾಗಿಯೇ ಒಳಗೆ ನುಗ್ಗುತ್ತೆ. ಅರ್ಧ ಕೆಲಸ ವ್ಯರ್ಥ.

ಸ್ಲೈಡಿಂಗ್ ಕಿಟಕಿಯಲ್ಲೇ ಕೂರಿಸುವವರು ಇಷ್ಟು ನೋಡಿಕೊಳ್ಳಿ. ಒಂದು, ತೂಕ ಪೂರ್ತಿ ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಬ್ರಾಕೆಟ್ ಮೇಲೆ ಇರಬೇಕು, ಅಲ್ಯೂಮಿನಿಯಂ ಹಳಿ ಮೇಲೆ ಇರಬಾರದು. ಎರಡು, ಪೆಟ್ಟಿಗೆ ಹೊರಗಿನ ಕಡೆಗೆ ಸ್ವಲ್ಪವೇ ಇಳಿಜಾರಾಗಿರಲಿ. ನೀರು ಒಳಗೆ ಬರಲ್ಲ. ಅದಕ್ಕೆ ಪೈಪ್ ಹಾಕಿ ಗಿಡದ ಬುಡಕ್ಕೋ ಬಕೆಟ್ಟಿಗೋ ಬಿಡಿ, ಪಕ್ಕದ ಮನೆಯ ಗೋಡೆಗೆ ಬೇಡ. ಮೂರು, ಮೇಲಿನ ಖಾಲಿ ಜಾಗಕ್ಕೆ ಪಾರದರ್ಶಕ ಅಕ್ರಿಲಿಕ್ ಹಲಗೆ ಹಾಕಿದರೆ ಬೆಳಕು ಉಳಿಯುತ್ತೆ. ನಾಲ್ಕು, ಹಲವರು ಮರೆಯೋ ಸಂದು ಒಂದಿದೆ. ಒಂದು ಬಾಗಿಲು ಸರಿಸಿದಾಗ ಎರಡು ಗಾಜುಗಳು ಒಂದರ ಹಿಂದೊಂದು ನಿಲ್ಲುತ್ತವಲ್ಲ, ಅವೆರಡರ ನಡುವೆ ಮೇಲಿನಿಂದ ಕೆಳಗಿನ ತನಕ ಸಂದು ತೆರೆದೇ ಇರುತ್ತೆ. ಅಲ್ಲಿ ಫೋಮ್ ಪಟ್ಟಿ ತುರುಕಬೇಕು. ಊದುಬತ್ತಿ ಹಚ್ಚಿ ಹಿಡಿದರೆ ಹೊಗೆ ಎಲ್ಲಿ ಅಲುಗಾಡುತ್ತೋ ಅಲ್ಲಿ ಸಂದು ಇದೆ ಅಂತ ಗೊತ್ತಾಗುತ್ತೆ. ಐದು, ಆಗ ಕಿಟಕಿಯ ಚಿಲಕ ಕೆಲಸ ಮಾಡಲ್ಲ, ಹಳಿಯಲ್ಲಿ ಅಳತೆಗೆ ಕತ್ತರಿಸಿದ ಗಟ್ಟಿ ಕೋಲು ಇಟ್ಟರೆ ಬಾಗಿಲು ಜಾರಲ್ಲ. ಆರು, ವೈರಿಂಗ್. ಎಸಿಗೆ ಅರ್ತ್ ಇರೋ 16 ಆಂಪಿಯರ್ ಪ್ರತ್ಯೇಕ ಪಾಯಿಂಟ್ ಬೇಕು. ಫ್ಯಾನ್, ಟಿ.ವಿ. ಹಾಕೋ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದರೆ ವೈರು ಬಿಸಿಯಾಗಿ ಬೆಂಕಿ ಹತ್ತುತ್ತೆ. ಬ್ರಾಕೆಟ್ ಕೆಲಸ, ವೈರಿಂಗ್ ಕೆಲಸ ಎರಡೂ ಬಲ್ಲವರಿಂದಲೇ ಆಗಬೇಕು. ಮಕ್ಕಳು ಅಳತೆ ಹಿಡಿಯಿರಿ, ಲೆಕ್ಕ ಹಾಕಿ. ಎಸಿ ಎತ್ತೋಕೆ, ವೈರು ಮುಟ್ಟೋಕೆ ಹೋಗಬೇಡಿ.

ಮಲಗೋ ಮೊದಲು ಹತ್ತು ನಿಮಿಷ ಬಾಗಿಲು ತೆಗೆದು ಹಳೇ ಗಾಳಿ ಹೊರಗೆ ಕಳಿಸಿ. ಎಸಿಯಲ್ಲಿ ಹೊರಗಿನ ಗಾಳಿ ಬಿಡೋ ಚಿಕ್ಕ ಗುಂಡಿ ಇದ್ದರೆ ಅದನ್ನು ಬಳಸಿ.

ಮನೆ ಕಟ್ಟುವವರಿಗೆ, ನಿಮಗೆ

ಕಿಟಕಿ ತಪ್ಪಾಗಿ ಇಟ್ಟು ಆಮೇಲೆ ಎಸಿ ಹುಡುಕೋದು ಬಾಡಿಗೆದಾರರ ತಪ್ಪಲ್ಲ. ಕಟ್ಟುವವರು ಸ್ಲೈಡಿಂಗ್ ಹಾಕೋದಕ್ಕೆ ಕಾರಣಗಳಿವೆ. ಮರ ದುಬಾರಿ, ಬಾಗಿಲು ಓಣಿಗೆ ಚಾಚಲ್ಲ, ಬೇಗ ಜೋಡಿಸಬಹುದು. ಹಾಕಲಿ. ಆದರೆ ಅರ್ಧವೇ ತೆರೆಯುತ್ತೆ ಅಂತ ತಿಳಿದು ಎರಡರಷ್ಟು ಅಗಲ ಇಡಲಿ, ಮೂರನೇ ಹಳಿಗೆ ಜಾಲರಿ ಹಾಕಲಿ, ಎದುರು ಗೋಡೆಗೆ ಒಂದು ವೆಂಟಿಲೇಟರ್ ಬಿಡಲಿ, ಕಿಟಕಿ ಮೇಲೆ ಸರಿಯಾದ ಸಜ್ಜಾ ಕೊಡಲಿ. ಎಸಿ ಬರೋದೇ ಅಂತಿದ್ದರೆ ಅದಕ್ಕೆ ಗೋಡೆಯಲ್ಲಿ ಬೇರೆ ಜಾಗ ಕಟ್ಟುವಾಗಲೇ ಬಿಡಲಿ. 2019ರಲ್ಲಿ ಹೊಸೂರು ಮಹಾನಗರ ಪಾಲಿಕೆ ಆಯಿತು. ಊರು ಇನ್ನೂ ಬೆಳೆಯುತ್ತೆ, ಇನ್ನೂ ಸಾವಿರಾರು ಕಿಟಕಿಗಳು ಬರುತ್ತವೆ. ಅವುಗಳಲ್ಲಿ ಕೆಲವನ್ನು ಅಳೆದು ಕೂರಿಸುವವರು ನಿಮ್ಮಲ್ಲೇ ಇರ್ತಾರೆ. ಮೇಸ್ತ್ರಿಯೋ ಎಂಜಿನಿಯರೋ ಫ್ಯಾಬ್ರಿಕೇಟರೋ ಆಗಿರ್ತೀರಿ.

ಈ ರಜೆಯಲ್ಲಿ ಒಂದು ಕೆಲಸ ಮಾಡಿ. ಶಾಲೆಯ ಪ್ರಯೋಗಾಲಯದ್ದೋ ಅಂಗಡಿಯದ್ದೋ ಒಂದು ತಾಪಮಾಪಕ ತಗೊಳ್ಳಿ. ಏಳು ದಿನ, ಬೆಳಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು, ಈ ಮೂರು ಹೊತ್ತು ಕೋಣೆಯ ಒಳಗೆ ಎಷ್ಟು, ಹೊರಗೆ ನೆರಳಲ್ಲಿ ಎಷ್ಟು ಅಂತ ಬರೆಯಿರಿ. ಮೂರು ರಾತ್ರಿ ಕಿಟಕಿ ಮುಚ್ಚಿ, ನಾಲ್ಕು ರಾತ್ರಿ ಜಾಲರಿ ಹಾಕಿ ತೆಗೆದು ನೋಡಿ. ಮನೆಯಲ್ಲಿ ಎಸಿ ಮಾತು ಬಂದಾಗ ಆ ಹಾಳೆಯನ್ನು ಅಪ್ಪ ಅಮ್ಮನ ಮುಂದೆ ಇಡಿ. ನನ್ನ ಅಭಿಪ್ರಾಯ ತಪ್ಪು ಅಂತ ನಿಮ್ಮ ಅಂಕಿಗಳು ಹೇಳಿದರೆ, ಆ ಹಾಳೆಯನ್ನು ನಮ್ಮ ಪತ್ರಿಕೆಗೇ ಕಳಿಸಿ.